ಸದ್ದಿಲ್ಲದ ಸವತಿ

ಬಿಸಿಯೂಟ ಮುಗಿದು, ನಲ್ಲಿಯ ಹತ್ತಿರ ತಟ್ಟೆ ತೊಳೆಯುವ ಗಲಾಟೆ ಅಡಗಿದ ಮೇಲೆ ಏಳನೇ ತರಗತಿಯಿಂದ ಒಂದು ಸದ್ದೂ ಬರುತ್ತಿರಲಿಲ್ಲ. ಅಶ್ವತ್ಥಮ್ಮನವರಿಗೆ ಮೈ ಉರಿಯುತ್ತಿದ್ದುದು ಅದಕ್ಕೇ. ಮಕ್ಕಳು ಗಲಾಟೆ ಮಾಡಿದರೆ ಟೀಚರಿಗೆ ತಲೆನೋವು ಬರುವುದು ಲೋಕಾರೂಢಿ. ಇವರಿಗೆ ಮಕ್ಕಳು ಸುಮ್ಮನಿದ್ದರೆ ಬರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಕೂತು ಕಾಪಿ ತಿದ್ದುವ ನೆಪದಲ್ಲಿ ಕಿವಿಯನ್ನು ಅತ್ತ ಇಟ್ಟುಕೊಂಡು, ಯಾವನಾದರೂ ಒಬ್ಬ ಪೋರ ಬೆಂಚು ಬೀಳಿಸಲಿ, ಯಾವಳಾದರೂ ಪಕ್ಕದವಳ ಜಡೆ ಎಳೆಯಲಿ ಎಂದು ಕಾಯುತ್ತಿದ್ದರು. ಯಾರೂ ಆ ಉಪಕಾರ ಮಾಡುತ್ತಿರಲಿಲ್ಲ.

ಅನುಗೊಂಡನಹಳ್ಳಿಯಿಂದ ಸ್ವಲ್ಪ ಒಳಗಿರುವ ಆ ಸರ್ಕಾರಿ ಶಾಲೆಯಲ್ಲಿ ಊಟವಾದ ನಂತರದ ಹೊತ್ತು ಬಹಳ ವರ್ಷಗಳಿಂದ ಅಶ್ವತ್ಥಮ್ಮನವರದಾಗಿತ್ತು. ಬೀರುವಿನಿಂದ ಒಂದು ಕಥೆ ಪುಸ್ತಕ ತೆಗೆದುಕೊಂಡು ಬಂದು, ಕನ್ನಡಕ ಏರಿಸಿ, ಗಟ್ಟಿಯಾಗಿ ಓದುತ್ತಿದ್ದರು. ಎಂಥ ಗಂಟಲು ಅಂತೀರಿ! ರಾಜ ಬಂದರೆ ರಾಜನ ದನಿ, ಮುದುಕಿ ಬಂದರೆ ಮುದುಕಿಯ ದನಿ, ನರಿ ಬಂದರೆ ಅದಕ್ಕೂ ಒಂದು. ಶಾಲೆಯ ಪಕ್ಕದ ಹಾಲಿನ ಡೈರಿಯಲ್ಲಿ ಕ್ಯಾನ್ ಇಳಿಸುತ್ತಿದ್ದವರು ಕೈ ನಿಲ್ಲಿಸಿ ಕೇಳುತ್ತಿದ್ದರು. ಅದೇ ಡೈರಿಯ ಕಾರ್ಯದರ್ಶಿ ಮೂರ್ತಿ, ಅಂದರೆ ಅಶ್ವತ್ಥಮ್ಮನವರ ಗಂಡ, ಬಂದವರ ಹತ್ತಿರ "ನಮ್ಮನೆಯವ್ರು ಮನೇಲಿ ಬೈಯೋದೂ ಅದೇ ಶ್ರುತೀಲೆ" ಎಂದು ಹೇಳಿಕೊಂಡು ನಗುತ್ತಿದ್ದರು. ಆದರೂ ಆ ಹೊತ್ತಿಗೆ ಡೈರಿಯ ರೇಡಿಯೊ ಬಂದ್ ಮಾಡುತ್ತಿದ್ದರು.

ಈ ಜೂನ್‌ನಲ್ಲಿ ಮಾನಸ ಬಂದಳು. ನೆಲಮಂಗಲದ ಕಡೆಯವಳು, ಹೊಸ ನೇಮಕಾತಿ. ಬಂದು ಚೀಲ ಇಳಿಸುವುದರೊಳಗೆ ಹೆಡ್‌ಮಾಸ್ಟರ್ ಕಾಂತರಾಜು ಅವರ ಮುಂದೆ ಕೂತು, ಊಟವಾದ ಮೇಲೆ ಏಳನೇ ತರಗತಿಗೆ ಇಪ್ಪತ್ತು ನಿಮಿಷ ಮೌನ ಓದು ಮಾಡಿಸುತ್ತೇನೆ ಅಂದಳು. ಮಕ್ಕಳು ತಮಗೆ ಬೇಕಾದ ಪುಸ್ತಕವನ್ನು ತಾವೇ ಆರಿಸಿಕೊಂಡು ಬಾಯಿ ಮುಚ್ಚಿಕೊಂಡು ಓದಬೇಕು. ಹಿಡಿಸದಿದ್ದರೆ ಬೇರೆ ಪುಸ್ತಕ ತೆಗೆದುಕೊಳ್ಳಬಹುದು. ಓದಿದ್ದೇನು ಎಂದು ಯಾರೂ ಪ್ರಶ್ನೆ ಕೇಳಬಾರದು, ಪರೀಕ್ಷೆ ಇಡಬಾರದು. ಟೀಚರ್ ಕೂಡ ಅಷ್ಟು ಹೊತ್ತು ಒಂದು ಪುಸ್ತಕ ಹಿಡಿದು ಓದಬೇಕು. ಕಾಂತರಾಜು ಅವರು ಕೊನೆಗೆ ಯಾರು ಮಾತಾಡಿದರೋ ಅವರ ಮಾತಿಗೆ ತಲೆಯಾಡಿಸುವ ಮನುಷ್ಯ. ಅವತ್ತು ಕೊನೆಗೆ ಮಾತಾಡಿದವಳು ಅವಳೇ.

"ನಿಮಗೂ ಸ್ವಲ್ಪ ರೆಸ್ಟು ಸಿಗುತ್ತೆ ಮೇಡಂ," ಎಂದು ಅವರು ಅಶ್ವತ್ಥಮ್ಮನವರಿಗೆ ಸಮಾಧಾನ ಹೇಳಿದರು. ರೆಸ್ಟು ಅನ್ನುವ ಮಾತು ಅಶ್ವತ್ಥಮ್ಮನವರ ಎದೆಗೆ ಚುಚ್ಚಿತು. ರಿಟೈರ್ ಆಗುವುದಕ್ಕೆ ಇನ್ನೂ ವರ್ಷಗಳಿದ್ದವು.

ಪುಸ್ತಕದ ಬೀರು ಅಶ್ವತ್ಥಮ್ಮನವರ ಚಾರ್ಜಿನಲ್ಲಿತ್ತು. ಸರ್ಕಾರಿ ಶಾಲೆಗಳ ಸಂಗತಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಪುಸ್ತಕ ಹರಿದರೂ, ಕಳೆದರೂ ಅದು ಚಾರ್ಜಿನಲ್ಲಿರುವವರ ತಲೆಗೆ ಬರುತ್ತದೆ. ಹಾಗಾಗಿ ಪುಸ್ತಕಗಳಿಗೆ ಬೀಗ, ಮಕ್ಕಳಿಗೆ ಗಾಜಿನ ಆಚೆಯಿಂದ ದರ್ಶನ. ವಾರಕ್ಕೊಂದು ಪುಸ್ತಕ ಹೊರಗೆ ಬಂದು, ಅಶ್ವತ್ಥಮ್ಮನವರ ಬಾಯಲ್ಲಿ ಮೆರೆದು, ಮತ್ತೆ ಒಳಗೆ ಹೋಗುತ್ತಿತ್ತು. ಮಾನಸ ಬಂದ ಮೇಲೆ ಬೀರು ಖಾಲಿಯಾಯಿತು. ಅವಳು ತರಗತಿಯ ಗೋಡೆಗುಂಟ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ, ಪುಸ್ತಕಗಳನ್ನು ಮಧ್ಯಕ್ಕೆ ತೆರೆದು ಅದರ ಮೇಲೆ ತೂಗುಹಾಕಿದಳು. ಅಶ್ವತ್ಥಮ್ಮನವರು ಬಾಗಿಲಲ್ಲಿ ನಿಂತು "ಒಗೆದು ಒಣಗಾಕಿದ್ದೀರೇನಮ್ಮ?" ಎಂದು ಕೇಳಿದರು. ಮಾನಸ ಅದನ್ನು ತಮಾಷೆ ಅಂದುಕೊಂಡು ನಕ್ಕಳು. ಕುಹಕ ಅರ್ಥವಾಗದವರ ಮೇಲೆ ಕುಹಕ ಮಾಡಿದ ಸಂಕಟ ಬೇರೆ.

ಬೀರು ಖಾಲಿ ಮಾಡುವ ಹಿಂದಿನ ದಿನ ಅಶ್ವತ್ಥಮ್ಮನವರು ಒಂದು ಪುಸ್ತಕವನ್ನು ಬೀರುವಿನ ಮೇಲಿನ ಖಾನೆಯ ಹಿಂಬದಿಯಿಂದ ತೆಗೆದು ತಮ್ಮ ಬ್ಯಾಗಿನೊಳಗೆ ಇಟ್ಟುಕೊಂಡಿದ್ದರು. ತೆಳ್ಳಗಿನ ಹಸಿರು ಪುಸ್ತಕ. ಮುಖಪುಟದಲ್ಲಿ ಒಲೆಯ ಮುಂದೆ ಕೂತ ಒಬ್ಬ ಹುಡುಗಿಯ ಚಿತ್ರ. ಅದನ್ನು ಹರ್ಷಿತ ಓದಬಾರದಿತ್ತು.

ಹರ್ಷಿತ ಅಶ್ವತ್ಥಮ್ಮನವರ ಹುಡುಗಿ. ಹೆತ್ತ ಮಗಳಲ್ಲ, ಆದರೆ ಶಾಲೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು. ಅವರ ದನಿಯನ್ನೇ ಕಲಿತು ಅವರ ಹಾಗೇ ಗಟ್ಟಿಯಾಗಿ ಓದುತ್ತಿದ್ದಳು. ಸಂಜೆ ಅವರ ಬ್ಯಾಗನ್ನು ಗೇಟಿನವರೆಗೂ ಹೊತ್ತು ತರುವ ಹಕ್ಕು ಅವಳೊಬ್ಬಳದೇ. ಎರಡು ವರ್ಷದ ಹಿಂದೆ, ಐದನೇ ತರಗತಿಯಲ್ಲಿದ್ದಾಗ, ಅವಳ ತಾಯಿ ಕಾಮಾಲೆಯಾಗಿ ತೀರಿಕೊಂಡಳು. ತಂದೆ ಬೈರೇಶ ಹೊಸಕೋಟೆ ಮಾರ್ಕೆಟ್ಟಿಗೆ ತರಕಾರಿ ಟೆಂಪೊ ಓಡಿಸುತ್ತಾನೆ. ನೋಡಿಕೊಳ್ಳುವವಳು ಅಜ್ಜಿ ಮಾರಕ್ಕ. ತಾಯಿಯ ತಿಥಿ ಮುಗಿಸಿಕೊಂಡು ಹುಡುಗಿ ಶಾಲೆಗೆ ಮರಳಿ ಬಂದ ವಾರವೇ ಅಶ್ವತ್ಥಮ್ಮನವರು ಆ ಹಸಿರು ಪುಸ್ತಕ ತೆರೆದಿದ್ದರು. ಹೊಸ ಬಂಡಲ್‌ನಲ್ಲಿ ಬಂದದ್ದು, ಮುಂಚೆ ಓದಿ ನೋಡಿರಲಿಲ್ಲ. ಕಥೆಯ ನಡುವೆ ಹುಡುಗಿಯ ಅಮ್ಮ ಹಾಸಿಗೆ ಹಿಡಿದಳು. ಮುಂದಿನ ಸಾಲುಗಳ ಮೇಲೆ ಕಣ್ಣಾಡಿಸಿದಾಗ ಅಶ್ವತ್ಥಮ್ಮನವರಿಗೆ ಆ ಅಮ್ಮ ಉಳಿಯುವುದಿಲ್ಲ ಎಂದು ತಿಳಿಯಿತು. ಎದುರಿಗೆ, ಮೊದಲ ಸಾಲಿನಲ್ಲಿ, ಹರ್ಷಿತ ಬಾಯಿ ತೆರೆದುಕೊಂಡು ಕೂತಿದ್ದಳು. ಅಶ್ವತ್ಥಮ್ಮನವರು ದನಿ ಬದಲಿಸದೆ ಕಥೆಗೆ ಒಬ್ಬ ಡಾಕ್ಟರನ್ನು ಕರೆತಂದರು. ಡಾಕ್ಟರು ಔಷಧಿ ಕೊಟ್ಟರು, ಅಮ್ಮ ಎದ್ದು ಕೂತು ಗಂಜಿ ಕುಡಿದಳು, ತರಗತಿಯ ಮಕ್ಕಳು ಚಪ್ಪಾಳೆ ತಟ್ಟಿದರು. ಪುಸ್ತಕದ ಉಳಿದ ಭಾಗವನ್ನು ಅಶ್ವತ್ಥಮ್ಮನವರು ಇವತ್ತಿಗೂ ಓದಿರಲಿಲ್ಲ.

ತಮ್ಮ ಗಂಟಲಿನಿಂದ ಒಂದು ಹುಡುಗಿಯ ಕಣ್ಣೀರು ತಡೆದೆ ಎಂಬ ಹೆಮ್ಮೆ ಅವರಿಗಿತ್ತು. ಆ ಡಾಕ್ಟರು ಬಂದದ್ದೇ ಸುಳ್ಳು ಎಂದು ಆ ಹುಡುಗಿಗೇ ತಿಳಿದರೆ? ಅದೂ ಮಾನಸಳ ಹಗ್ಗದ ಮೇಲಿನಿಂದ ತೆಗೆದುಕೊಂಡು, ಮಾನಸಳ ತರಗತಿಯಲ್ಲಿ ಕೂತು?

ಒಂದು ವಾರ ತಡೆದುಕೊಂಡು, ಎಂಟನೆಯ ದಿನ ಅಶ್ವತ್ಥಮ್ಮನವರು ಕಿಟಕಿಯ ಹತ್ತಿರ ಹೋಗಿ ನಿಂತರು. ಒಳಗೆ ಕಂಡದ್ದು ಅವರ ಹೊಟ್ಟೆಗೆ ಬೆಂಕಿ ಹಾಕಿತು. ಮೂರನೇ ತರಗತಿಯಲ್ಲಿದ್ದಾಗ ಚಾವಣಿ ಕಿತ್ತುಹೋಗುವ ಹಾಗೆ ಕಿರುಚುತ್ತಿದ್ದ ಹುಡುಗ ನೆಲದ ಮೇಲೆ ಬೋರಲು ಮಲಗಿ, ಗದ್ದಕ್ಕೆ ಕೈ ಕೊಟ್ಟು ಓದುತ್ತಿದ್ದ. ಇಬ್ಬರು ಹುಡುಗಿಯರು ಒಂದೇ ಪುಸ್ತಕ ಹಿಡಿದಿದ್ದರು. ಬೇಗ ಓದುವವಳು ನಿಧಾನದವಳಿಗಾಗಿ ಕಾದು ಪುಟ ಮಗುಚುತ್ತಿದ್ದಳು. ಮಾನಸ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಒಂದು ದಪ್ಪ ಪುಸ್ತಕದಲ್ಲಿ ಮುಳುಗಿದ್ದಳು. ಇದ್ದಕ್ಕಿದ್ದಂತೆ ಒಬ್ಬಳೇ ಕಿಸಕ್ಕನೆ ನಕ್ಕಳು. ಯಾಕೆ ನಕ್ಕೆ ಎಂದು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಹರ್ಷಿತ ಗೋಡೆಗೆ ಒರಗಿ ಕೂತಿದ್ದಳು. ತುಟಿ ಮುಚ್ಚಿತ್ತು, ಆದರೆ ತುಟಿಯ ತುದಿಯಲ್ಲಿ ನಗು ಕಾಣುತ್ತಿತ್ತು. ಯಾರ ಮಾತಿಗೆ ನಕ್ಕಳು? ಒಳಗೊಳಗೇ ಯಾವ ದನಿಯಲ್ಲಿ ಓದಿಕೊಳ್ಳುತ್ತಿದ್ದಾಳೆ, ನನ್ನದರಲ್ಲೋ, ಅವಳದರಲ್ಲೋ? ಅಶ್ವತ್ಥಮ್ಮನವರು ಕಿಟಕಿಯ ಸರಳು ಹಿಡಿದುಕೊಂಡು ಇದನ್ನೇ ಯೋಚಿಸಿದರು. ಒಂದು ಸಲ ಕೆಮ್ಮಿದರು. ಯಾರೂ ತಲೆ ಎತ್ತಲಿಲ್ಲ. ಇನ್ನೊಂದು ಸಲ ಜೋರಾಗಿ ಕೆಮ್ಮಿದಾಗ ಹಿಂದಿನ ಸಾಲಿನ ಒಂದು ಚೋಟುದ್ದದ ಹುಡುಗಿ ಪುಸ್ತಕದಿಂದ ಕಣ್ಣು ತೆಗೆಯದೆ "ಶ್" ಅಂದಳು. ಅವರ ಇಷ್ಟು ವರ್ಷದ ನೌಕರಿಯಲ್ಲಿ ಆ ಶಬ್ದ ಅವರ ಬಾಯಿಂದ ಮಕ್ಕಳ ಕಡೆಗೆ ಹೋಗಿತ್ತೇ ಹೊರತು ಅವರ ಕಡೆಗೆ ಬಂದಿರಲಿಲ್ಲ.

ಸಂಜೆ ಹರ್ಷಿತ ಎಂದಿನಂತೆ ಬ್ಯಾಗು ಹೊತ್ತು ಜೊತೆಗೆ ಬಂದಳು. ಗೇಟಿನವರೆಗಿನ ಆ ದಾರಿಯಲ್ಲಿ ಮೊದಲೆಲ್ಲ ಅವಳ ಬಾಯಿ ಮುಚ್ಚುತ್ತಿರಲಿಲ್ಲ. ಈಗ ಕೇಳುವ ಸರದಿ ಅಶ್ವತ್ಥಮ್ಮನವರದು.

"ಇವತ್ತು ಏನೇ ಓದಿದ್ದು?"

"ಒಂದು ಆಮೆ ಕಥೆ ಮಿಸ್."

"ಹೂಂ, ಹೇಳು."

"ಚೆನ್ನಾಗಿತ್ತು ಮಿಸ್."

"ಅಷ್ಟೇನಾ?"

"ಹೂಂ."

ಆ ಒಂದು 'ಹೂಂ' ಕೇಳಿದ ಅಶ್ವತ್ಥಮ್ಮನವರಿಗೆ, ತಮಗೆ ಕಾಣದ ಹಾಗೆ ಹುಡುಗಿ ಏನನ್ನೋ ಕೂಡಿಟ್ಟುಕೊಳ್ಳುತ್ತಿದ್ದಾಳೆ ಅನ್ನಿಸಿತು.

ಗೇಟಿನ ಹತ್ತಿರ ಹರ್ಷಿತ ತಾನಾಗಿಯೇ ಕೇಳಿದಳು: "ಮಿಸ್, ಒಲೆ ಮುಂದೆ ಕೂತಿರೋ ಹುಡುಗಿದು ಒಂದು ಪುಸ್ತಕ ಇತ್ತಲ್ಲ, ಐದನೇ ಕ್ಲಾಸಲ್ಲಿ ಓದಿದ್ರಲ್ಲ, ಅದು ಹಗ್ಗದ ಮೇಲೆ ಇಲ್ವಲ್ಲ ಮಿಸ್?"

"ಅದಾ?" ಅಶ್ವತ್ಥಮ್ಮನವರು ರಸ್ತೆಯ ಕಡೆ ನೋಡಿದರು. "ಅದಕ್ಕೆ ಗೆದ್ದಲು ಹಿಡಿದಿತ್ತು ಕಣೇ. ಎಸೆದ್ಬಿಟ್ವಿ."

ಆ ಪುಸ್ತಕವಿದ್ದ ಬ್ಯಾಗನ್ನು ಹರ್ಷಿತ ಹೆಗಲಿಂದ ಇಳಿಸಿ ಅವರ ಕೈಗೆ ಕೊಟ್ಟಳು.

ಮೂರ್ತಿಯವರ ಸ್ಕೂಟರಿನ ಹಿಂದೆ ಕೂತು ಮನೆಗೆ ಹೋಗುವಾಗ ಅಶ್ವತ್ಥಮ್ಮನವರು ಮಾತಾಡಲಿಲ್ಲ. ಅದು ಅಪಾಯದ ಸೂಚನೆ ಎಂದು ಗಂಡನಿಗೆ ಗೊತ್ತಿತ್ತು.

"ಯಾಕೆ, ಗಂಟ್ಲು ಕಟ್ಟೈತಾ?"

"ಮಕ್ಕಳನ್ನ ಹಾಳು ಮಾಡ್ತಾವ್ಳೆ ಅವ್ಳು."

"ಯಾರು, ಹೊಸ ಮೇಡಮ್ಮಾ? ಓದಿಸ್ತಾವ್ಳೆ ಅಂದ್ರು?"

"ಓದಿಸ್ತಾಳಾ? ಒಂದೂ ಬಾಯಿ ಬಿಡಲ್ಲ ಕಣ್ರೀ! ಸದ್ದಿಲ್ದೆ ಇರೋದು ಎಂಥಾ ಓದು? ಓದ್ತಾವೋ, ನಿದ್ದೆ ಮಾಡ್ತಾವೋ, ಯಾರಿಗ್ ಗೊತ್ತು?"

ಮೂರ್ತಿ ಗೋಡೌನ್ ಕಡೆಗೆ ಹೋಗುತ್ತಿದ್ದ ಒಂದು ದೊಡ್ಡ ಲಾರಿಗೆ ದಾರಿ ಬಿಟ್ಟುಕೊಟ್ಟ ಮೇಲೆ ಹೇಳಿದರು: "ನಿಂಗೆ ಸವತಿ ಬಂದವ್ಳೆ ಬಿಡು. ಅದೂ ಸದ್ದೇ ಇಲ್ದಿರೋ ಸವತಿ. ಜುಟ್ಟು ಹಿಡ್ದು ಜಗಳ ಆಡಣಾ ಅಂದ್ರೂ ಆಗಲ್ಲ."

ಅಶ್ವತ್ಥಮ್ಮನವರು ಗಂಡನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಗುದ್ದು ಜೋರಾಗಿಯೇ ಇತ್ತು. ಮಾತು ನಿಜವಾಗಿದ್ದರೆ ಮಾತ್ರ ಅವರು ಅಷ್ಟು ಜೋರಾಗಿ ಗುದ್ದುತ್ತಿದ್ದರು.

ಜುಟ್ಟು ಹಿಡಿಯಲು ಒಂದು ದಾರಿ ಅವರಿಗೆ ಬೇಗ ಹೊಳೆಯಿತು. ಆ ಊರಿನಲ್ಲಿ, ಸುತ್ತಲ ಊರುಗಳಲ್ಲಿಯೂ, ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳು ಓದುವುದನ್ನು ಹಿರಿಯರು ನೋಡುವುದಿಲ್ಲ, ಕೇಳುತ್ತಾರೆ. ಅಜ್ಜಿ ಹಸುವಿಗೆ ಹುಲ್ಲು ಹಾಕುತ್ತಿರುತ್ತಾಳೆ, ತಾಯಿ ಮುದ್ದೆ ತೊಳಸುತ್ತಿರುತ್ತಾಳೆ, ನಡುಮನೆಯಿಂದ ಮಗು ಓದುವ ಸದ್ದು ಬರುತ್ತಿರಬೇಕು. ಸದ್ದು ನಿಂತರೆ ಒಲೆಯ ಹತ್ತಿರದಿಂದಲೇ "ಏನ್ಲಾ, ಓದು ನಿಂತೋಯ್ತು?" ಎಂಬ ಕೂಗು ಬರುತ್ತದೆ. ಓದು ಬಾರದ ಮಾರಕ್ಕನಂಥವರು ಮೊಮ್ಮಕ್ಕಳ ವಿದ್ಯೆಯನ್ನು ಕಿವಿಯಲ್ಲೇ ಅಳೆಯುತ್ತಿದ್ದರು. ಅಶ್ವತ್ಥಮ್ಮನವರು ಡೈರಿಗೆ ಹಾಲು ಹಾಕಲು ಬಂದ ಹೆಂಗಸರ ಸಾಲಿನ ಹತ್ತಿರ ಹೋಗಿ, ಬಹಳ ಮುಗ್ಧವಾಗಿ, "ಈಚೆಗೆ ಮಕ್ಕಳು ಮನೇಲಿ ಓದೋ ಸದ್ದು ಕೇಳಿಸ್ತಿದೆಯೇನ್ರವ್ವಾ?" ಎಂದು ವಿಚಾರಿಸಿದರು. ಅಷ್ಟು ಸಾಕಾಯಿತು.

ಪೋಷಕರ ಸಭೆಯಲ್ಲಿ ಮಾರಕ್ಕ ಎಲ್ಲರಿಗಿಂತ ಮೊದಲು ಎದ್ದು ನಿಂತಳು.

"ಹೆಡ್ಮಾಸ್ಟ್ರೇ, ನಮ್ಮುಡ್ಗಿ ಮುಂಚೆ ಓದಿದ್ರೆ ಬೀದಿಗೆಲ್ಲ ಕೇಳಿಸ್ತಿತ್ತು. ಈಗ ಪುಸ್ತಕ ಇಡ್ಕೊಂಡು ಗುಮ್ಮನಂಗೆ ಕೂತಿರ್ತಳೆ. ಓದೇ ಅಂದ್ರೆ ಓದ್ತಾ ಇವ್ನಿ ಅಂತಳೆ. ಬಾಯೇ ಆಡಲ್ಲ! ಯಾವ ಸೀಮೆ ಓದು ಇದು?"

ಹಿಂದಿನಿಂದ ಹತ್ತಾರು ಹೆಂಗಸರು ಹೌದು ಹೌದು ಅಂದರು. ಮಾನಸ ಎದ್ದಳು.

"ಅಜ್ಜಿ, ನೀವು ದೇವರ ಮುಂದೆ ಮನಸ್ಸಲ್ಲೇ ಬೇಡ್ಕೊಳ್ಳಲ್ವಾ? ಬಾಯಲ್ಲಿ ಅನ್ನದಿದ್ರೂ ಅದು ಬೇಡ್ಕೊಂಡಂಗೆ ತಾನೆ?"

"ದೇವ್ರು ಪರೀಕ್ಷೆ ಬರೀಬೇಕೇನವ್ವ?" ಅಂದಳು ಮಾರಕ್ಕ.

ಸಭೆಯೆಲ್ಲ ಗೊಳ್ಳೆಂದಿತು. ಆ ಗದ್ದಲದಲ್ಲಿ ಕಾಂತರಾಜು ಅವರು, ಕೊನೆಗೆ ಮಾತಾಡಿದ್ದು ಮಾರಕ್ಕನಾದ್ದರಿಂದ, ಸೋಮವಾರದಿಂದ ಊಟವಾದ ಮೇಲಿನ ಹೊತ್ತು ಮೊದಲಿನಂತೆ ಗಟ್ಟಿ ಓದಿಗೇ ಎಂದು ಹೇಳಿಬಿಟ್ಟರು. ಅಶ್ವತ್ಥಮ್ಮನವರು ಒಂದು ಮಾತೂ ಆಡದೆ ಗೆದ್ದಿದ್ದರು.

ಸಭೆ ಮುಗಿದ ಮೇಲೆ ಮಾನಸ ಸ್ಟಾಫ್ ರೂಮಿಗೆ ಬಂದಳು. ಅತ್ತಿದ್ದಳೋ ಏನೋ, ಮೂಗು ಕೆಂಪಾಗಿತ್ತು.

"ನೀವೇ ಹೇಳ್ಕೊಟ್ರಿ ಅಂತ ನಂಗೊತ್ತು ಮೇಡಂ."

"ನಾನೇನ್ ಹೇಳ್ಕೊಡ್ಲಿ? ಊರೋರಿಗೆ ಕಿವಿ ಇಲ್ವಾ?"

"ನೀವು ಆರನೇ ಕ್ಲಾಸಲ್ಲಿ ಪಾಠ ಓದುವಾಗ ನಾನು ಬಾಗಿಲ ಹಿಂದೆ ನಿಂತು ಕೇಳ್ತೀನಿ," ಅಂದಳು ಮಾನಸ ಸಿಟ್ಟಿನಿಂದಲೇ. "ಹಂಗೆ ಓದೋಕೆ ನಂಗೆ ಬರಲ್ಲ. ನಾನು ಓದಿದ್ರೆ ಮಕ್ಕಳು ಆಕಳಿಸ್ತಾವೆ. ನನಗೂ ಹೊಟ್ಟೆಕಿಚ್ಚಾಗುತ್ತೆ ಮೇಡಂ. ಆದ್ರೆ ಆ ಹೊತ್ತು ನಿಮ್ದು ಅಂತ ಗೊತ್ತಿಲ್ದೆ ಕೇಳ್ದೆ, ನಿಮ್ಮ ಕ್ಲಾಸ್ ನಿಲ್ಲಿಸಿ ಅಂತ ಯಾರ ಹತ್ರನೂ ಹೋಗ್ಲಿಲ್ಲ."

ಅವಳು ಹೋದ ಮೇಲೆ ಅಶ್ವತ್ಥಮ್ಮನವರು ಒಂದು ಲೋಟ ನೀರು ಕುಡಿದರು. ಹೊಗಳಿಕೆಯನ್ನು ಯಾರಾದರೂ ಕಪಾಳಕ್ಕೆ ಹೊಡೆಯುವಂತೆ ಕೊಟ್ಟರೆ ಅದನ್ನು ಏನು ಮಾಡಬೇಕೋ ಅವರಿಗೆ ತಿಳಿಯಲಿಲ್ಲ. ಆದರೂ ಸೋಮವಾರ ಬರಲಿ ಎಂದು ಅವರ ಜೀವ ಹಾತೊರೆಯುತ್ತಿತ್ತು.

ಸೋಮವಾರ ಅವರು ಒಳ್ಳೆಯ ಸೀರೆ ಉಟ್ಟುಕೊಂಡು, ಗಂಟಲಿಗೆ ಬಿಸಿನೀರು ಕುಡಿದು ಬಂದರು. ಏಳನೇ ತರಗತಿ ಎದ್ದು ನಿಂತು ನಮಸ್ತೆ ಹೇಳಿ ಕೂತಿತು. ಹಗ್ಗ, ಹಗ್ಗದ ಮೇಲಿನ ಪುಸ್ತಕಗಳು ಹಾಗೇ ಇದ್ದವು. ಕೆಲವು ಮಕ್ಕಳ ಕಣ್ಣು ಅತ್ತ ಹೋಗಿ ಬಂದದ್ದನ್ನು ಅಶ್ವತ್ಥಮ್ಮನವರು ನೋಡಿಯೂ ನೋಡದಂತೆ ಮಾಡಿದರು.

"ಹೇಳಿ, ಯಾವ ಕಥೆ ಬೇಕು ಇವತ್ತು?"

ಮೊದಲಾದರೆ ಒಬ್ಬರ ಮೇಲೊಬ್ಬರು ಬಿದ್ದು ಕೂಗುತ್ತಿದ್ದರು. ಈಗ ಹರ್ಷಿತ ಒಬ್ಬಳೇ ಎದ್ದು ನಿಂತಳು.

"ಒಲೆ ಹುಡುಗಿ ಕಥೆ ಓದಿ ಮಿಸ್."

"ಅದಕ್ಕೆ ಗೆದ್ದಲು ಹಿಡಿದಿತ್ತು ಅಂತ ಹೇಳಿರ್ಲಿಲ್ವಾ ನಿಂಗೆ?"

"ನಿಮ್ಮ ಬ್ಯಾಗಲ್ಲೈತೆ ಮಿಸ್," ಅಂದಳು ಹರ್ಷಿತ. ದನಿಯಲ್ಲಿ ಸಿಟ್ಟಿರಲಿಲ್ಲ, ತುಂಟತನವೂ ಇರಲಿಲ್ಲ. "ಜಿಪ್ಪು ಹೋಗಿದೆಯಲ್ಲ, ದಿನಾ ಕಾಣಿಸ್ತದೆ."

ತರಗತಿಯ ಕಣ್ಣೆಲ್ಲ ಬ್ಯಾಗಿನ ಮೇಲೆ ನೆಟ್ಟಿತು. ಅಶ್ವತ್ಥಮ್ಮನವರಿಗೆ, ಇಷ್ಟು ದಿನ ಈ ಹುಡುಗಿ ನನ್ನ ಸುಳ್ಳನ್ನು ಹೆಗಲ ಮೇಲೆ ಹೊತ್ತುಕೊಂಡು ಗೇಟಿನವರೆಗೂ ತಂದುಕೊಡುತ್ತಿದ್ದಳು ಎಂದು ನಾಚಿಕೆಯಾಯಿತು. ಗದರಿಸಿ ಕೂರಿಸಬಹುದಿತ್ತು. ಆದರೆ ಹುಡುಗಿ ಕೇಳಿದ್ದು ಏನು? ಓದಿ ಎಂದು ಕೇಳಿದ್ದಳು. ಮಾನಸಳನ್ನಲ್ಲ, ಹಗ್ಗವನ್ನಲ್ಲ, ನನ್ನನ್ನು. ಆ ಆಸೆಗೆ ಬಿದ್ದು ಅವರು ಪುಸ್ತಕ ತೆಗೆದರು.

ಓದಲು ಶುರು ಮಾಡಿದ ಮೇಲೆ ಗಂಟಲು ತನ್ನ ಕೆಲಸ ತಾನೇ ಮಾಡಿತು. ಹಸಿ ಸೌದೆ ಹೊಗೆಯಾಡಿತು, ಹುಡುಗಿ ಊದುಗೊಳವೆ ಹಿಡಿದು ಊದಿದಳು, ಅಮ್ಮ ಹಾಸಿಗೆಯಿಂದಲೇ "ಸಣ್ಣ ಉರಿ ಇಡೇ" ಎಂದು ಹೇಳಿಕೊಟ್ಟಳು. ಅಮ್ಮನಿಗೆ ಅಶ್ವತ್ಥಮ್ಮನವರು ದಣಿದ ದನಿ ಕೊಟ್ಟರು. ಹಿಂದಿನ ಸಾಲಿನ ಹುಡುಗರು ಮುಂದಕ್ಕೆ ಬಾಗಿದರು. ಡೈರಿಯ ಕಡೆ ಕ್ಯಾನಿನ ಸದ್ದು ನಿಂತಿತು. ಬಂದರು ನನ್ನ ಮಕ್ಕಳು, ಎಲ್ಲಿಗೆ ಹೋಗುತ್ತಾರೆ ಎಂದು ಅವರ ಎದೆ ಉಬ್ಬಿತು. ಬಾಗಿಲ ಹಿಂದೆ ಮಾನಸಳ ಸೀರೆಯ ಅಂಚು ಕಂಡಾಗ ಇನ್ನೂ ಚೆನ್ನಾಗಿ ಓದಿದರು.

ಹಾಗೆ ಓದುತ್ತ ಓದುತ್ತ ಆ ಜಾಗಕ್ಕೆ ಬಂದರು. 'ಬೆಳಗಾಗೆದ್ದು ಹುಡುಗಿ ಅಮ್ಮನನ್ನು ಕರೆದಳು. ಅಮ್ಮ ಓಗೊಡಲಿಲ್ಲ.' ಪುಟ ಅಲ್ಲಿಗೆ ಮುಗಿದಿತ್ತು.

ಡಾಕ್ಟರು ನಾಲಿಗೆಯ ತುದಿಯಲ್ಲೇ ಇದ್ದರು. ತರಗತಿಯಲ್ಲಿ ಕೆಲವರಿಗೆ ಹಳೆಯ ಕಥೆ ನೆನಪಿತ್ತು, ಅವರು ಡಾಕ್ಟರಿಗಾಗಿ ಕಾಯುತ್ತಿದ್ದರು. ಒಂದು ಮಾತು ಅಂದರೆ ಸಾಕು, ಅಮ್ಮ ಎದ್ದು ಕೂತು ಗಂಜಿ ಕುಡಿಯುತ್ತಾಳೆ. ಅಶ್ವತ್ಥಮ್ಮನವರು ಬಾಯಿ ತೆರೆದರು.

"ಪುಟ ತಿರುಗ್ಸಿ ಮಿಸ್," ಅಂದಳು ಹರ್ಷಿತ.

ಅಶ್ವತ್ಥಮ್ಮನವರು ಅವಳನ್ನೇ ನೋಡಿದರು.

"ಅವತ್ತೂ ನೀವು ಪುಟ ತಿರುಗಿಸ್ಲಿಲ್ಲ. ಡಾಕ್ಟ್ರು ಬಂದ್ರು, ಔಷ್ಧಿ ಕೊಟ್ರು, ಅಮ್ಮ ಎದ್ದು ಗಂಜಿ ಕುಡಿದ್ಲು, ಇಷ್ಟೆಲ್ಲ ಆಯ್ತು. ಪುಟ ಮಾತ್ರ ಹಂಗೇ ಇತ್ತು."

ಅಂದರೆ ಇವಳಿಗೆ ಅವತ್ತೇ ಗೊತ್ತಿತ್ತು. ಎರಡು ವರ್ಷ ಗೊತ್ತಿತ್ತು. ಚಪ್ಪಾಳೆ ತಟ್ಟಿದ ಮಕ್ಕಳ ನಡುವೆ ಇವಳು ಮಾತ್ರ ತಮ್ಮ ಕೈಯನ್ನು ನೋಡುತ್ತ ಕೂತಿದ್ದಳು. ಅಶ್ವತ್ಥಮ್ಮನವರು ಪುಟದ ಮೂಲೆಯನ್ನು ಬೆರಳಲ್ಲಿ ಹಿಡಿದರು, ಆದರೆ ತಿರುಗಿಸಲು ಆಗಲಿಲ್ಲ.

"ನನ್ನ ಕೈಲಾಗಲ್ಲ ಕಣೇ," ಅಂದರು.

ಹರ್ಷಿತ ಎದ್ದು ಬಂದು ಕೈ ಚಾಚಿದಳು. "ಕೊಡಿ ಮಿಸ್. ನಾನು ಓದ್ಕೋತೀನಿ."

"ಜೋರಾಗಿ ಓದು. ಎಲ್ರೂ ಕೇಳ್ಲಿ." ಎಲ್ಲರೂ ಅಲ್ಲ, ತಾವು ಕೇಳಬೇಕಿತ್ತು. ಅವಳು ಆ ಪುಟದೊಳಕ್ಕೆ ತಮ್ಮನ್ನು ಬಿಟ್ಟು ಒಬ್ಬಳೇ ಹೋಗುವುದು ಅವರಿಗೆ ಬೇಡವಾಗಿತ್ತು.

"ಬೇಡ ಮಿಸ್. ಒಳಗೇ ಓದ್ಕೋತೀನಿ."

ಪುಸ್ತಕ ತೆಗೆದುಕೊಂಡು ಹೋಗಿ ಗೋಡೆಗೆ ಒರಗಿ ಕೂತು ಪುಟ ತಿರುಗಿಸಿದಳು. ತರಗತಿ ಸ್ವಲ್ಪ ಹೊತ್ತು ಮಿಸ್ ಮುಖ ನೋಡಿತು. ಮಿಸ್ ಏನೂ ಅನ್ನದಿದ್ದಾಗ ಒಬ್ಬ ಹುಡುಗ ಎದ್ದು ಹಗ್ಗದಿಂದ ಒಂದು ಪುಸ್ತಕ ಎಳೆದುಕೊಂಡ. ಅವನ ಹಿಂದೆ ಇನ್ನೊಬ್ಬಳು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಯಾರೂ ಹೇಳದೆ ಮೌನ ಓದು ಶುರುವಾಗಿತ್ತು. ವರಾಂಡದಲ್ಲಿ ಹೋಗುತ್ತಿದ್ದ ಕಾಂತರಾಜು ಅವರು ಇಣುಕಿ ನೋಡಿ, "ಓ, ಮೇಡಮ್ಮೂ ಶುರು ಮಾಡಿದ್ರಾ? ಒಳ್ಳೇದು ಒಳ್ಳೇದು" ಎಂದು ಪಿಸುಗುಟ್ಟಿ ಹೊರಟುಹೋದರು.

ಹರ್ಷಿತಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳು ಒರೆಸಿಕೊ‍ಳ್ಳುತ್ತಲೂ ಇರಲಿಲ್ಲ. ಅಶ್ವತ್ಥಮ್ಮನವರು ತಡೆಯಲಾರದೆ ಎದ್ದು ಅವಳ ಹತ್ತಿರ ಹೋದರು. ಅವರ ನೆರಳು ಪುಸ್ತಕದ ಮೇಲೆ ಬಿದ್ದ ಕೂಡಲೇ ಹುಡುಗಿ ತಲೆ ಎತ್ತದೆ, ಪರೀಕ್ಷೆಯಲ್ಲಿ ಪಕ್ಕದವರಿಗೆ ಉತ್ತರ ಕಾಣದಂತೆ ಮಾಡುತ್ತಾರಲ್ಲ, ಹಾಗೆ ಮೊಳಕೈ ಅಡ್ಡ ಇಟ್ಟು ಪುಟವನ್ನು ಮರೆಮಾಡಿದಳು. ಅಶ್ವತ್ಥಮ್ಮನವರು ವಾಪಸು ಬಂದು ಕುರ್ಚಿಯಲ್ಲಿ ಕೂತರು. ಕೈಯಲ್ಲಿ ಓದಲು ಏನೂ ಇರಲಿಲ್ಲ.

ಬೆಲ್ಲು ಹೊಡೆದು ಮಕ್ಕಳು ಆಟಕ್ಕೆ ಓಡಿದ ಮೇಲೂ ಹರ್ಷಿತ ಕೂತೇ ಇದ್ದಳು. ಕೊನೆಯ ಪುಟ ಮುಗಿಸಿ, ಲಂಗದ ಅಂಚಿನಿಂದ ಮುಖ ಒರೆಸಿಕೊಂಡು, ಮೇಜಿನ ಹತ್ತಿರ ಬಂದಳು.

"ಅಳು ಬಂತಾ?"

"ಸ್ವಲ್ಪ."

"ಅದಕ್ಕೇ ಕಣೇ ನಾನು ಅವತ್ತು... ನಿಂಗೆ ನೋವಾಗ್ಬಾರ್ದು ಅಂತ."

"ಗೊತ್ತು ಮಿಸ್. ಅದಕ್ಕೇ ನಾನೂ ಏನೂ ಅನ್ಲಿಲ್ಲ." ಹರ್ಷಿತ ಪುಸ್ತಕದ ಮೂಲೆ ಸವರುತ್ತ ನಿಂತಳು. "ಆದ್ರೆ ಅಮ್ಮ ಸತ್ತೋದ್ಮೇಲೆ ಆ ಹುಡುಗಿ ಏನ್ ಮಾಡ್ತಾಳೆ ಅಂತ ನಂಗೆ ಬೇಕಿತ್ತು ಮಿಸ್. ಅವತ್ತೇ ಬೇಕಿತ್ತು."

ಅಶ್ವತ್ಥಮ್ಮನವರು ತಮಗೂ ಗೊತ್ತಿಲ್ಲದ್ದನ್ನು ಕೇಳುವ ದನಿಯಲ್ಲಿ ಕೇಳಿದರು: "ಏನ್ ಮಾಡ್ತಾಳೆ?"

"ಏನೂ ಇಲ್ಲ. ಸಾರು ಮಾಡ್ತಾಳೆ. ಉಪ್ಪು ಜಾಸ್ತಿ ಆಗೋಯ್ತದೆ. ಅವ್ರಪ್ಪ ಏನೂ ಅನ್ದೆ ಉಂಡು ಏಳ್ತಾನೆ. ಆಮೇಲೆ ಅವ್ಳು ಹಿತ್ತಲಿಗೋಗಿ ಅಳ್ತಾಳೆ." ಹುಡುಗಿ ಮೂಗು ಎಳೆದುಕೊಂಡಳು. "ನಮ್ಮಪ್ಪನೂ ಹಂಗೇ ಉಂಡ ಮಿಸ್. ನಾನೊಬ್ಳೇ ಹಂಗ್ ಮಾಡಿರೋದು ಅಂದ್ಕೊಂಡಿದ್ದೆ."

ಅಶ್ವತ್ಥಮ್ಮನವರಿಗೆ ಈ ಸಾರಿನ ಸಂಗತಿ ಗೊತ್ತೇ ಇರಲಿಲ್ಲ. ಎರಡು ವರ್ಷ ದಿನವೂ ಬ್ಯಾಗು ಹೊತ್ತು ಜೊತೆಗೆ ನಡೆದವಳು ಅದನ್ನು ಅವರಿಗೆ ಹೇಳಿರಲಿಲ್ಲ. ಹೇಳುವಂತೆ ಅವರು ಕೇಳಿರಲೂ ಇಲ್ಲ, ಬರೀ ಓದಿದ್ದರು. ಆ ತೆಳ್ಳಗಿನ ಹಸಿರು ಪುಸ್ತಕಕ್ಕೆ ಮಾತ್ರ ಅದು ಮೊದಲೇ ಗೊತ್ತಿತ್ತು. ಮಾನಸಳ ಮೇಲೆ ಎಂದೂ ಆಗದಷ್ಟು ಹೊಟ್ಟೆಕಿಚ್ಚು ಅವರಿಗೆ ಆ ಪುಸ್ತಕದ ಮೇಲೆ ಆಯಿತು. ಕಿತ್ತುಕೊಂಡು ಒಲೆಗೆ ಹಾಕಬೇಕು ಅನ್ನಿಸಿತು, ಕೂತು ಓದಬೇಕು ಅಂತಲೂ ಅನ್ನಿಸಿತು.

ಹರ್ಷಿತ ಅದನ್ನು ಎದೆಗೆ ಅವಚಿಕೊಂಡಿದ್ದಳು.

"ಮಿಸ್, ಮನೆಗೆ ತಗೊಂಡೋಗ್ಲಾ? ನಮ್ಮಪ್ಪಂಗೆ ಓದಿ ಹೇಳ್ಬೇಕು. ಜೋರಾಗಿ."

ಬೇಡ ಎಂಬ ಮಾತು ಅಶ್ವತ್ಥಮ್ಮನವರ ಗಂಟಲವರೆಗೂ ಬಂದಿತ್ತು.

"ತಗೊಂಡೋಗು," ಅಂದರು.